ಚಾವಣಿಯ ಅಂಚು

ಸೆಪ್ಟೆಂಬರು ಮುಗಿಯುತ್ತ ಬಂದಿತ್ತು. ಮೊಂಟಾನಾದ ಆ ರಾಷ್ಟ್ರೀಯ ಉದ್ಯಾನದ ಕೊನೆಯ ಪ್ರವಾಸಿಗರು ಕಣಿವೆ ಇಳಿದಿದ್ದರು. ಮರದ ದಿಮ್ಮಿಗಳ ಹಳೇ ಹೋಟೆಲನ್ನು ಚಳಿಗಾಲಕ್ಕೆ ಮುಚ್ಚುವ ಕೆಲಸ ನಡೆದಿತ್ತು. ಇಲಿ ಹತ್ತದಂತೆ ಹಾಸಿಗೆಗಳನ್ನು ತೊಲೆಗಳಿಗೆ ತಂತಿ ಕಟ್ಟಿ ತೂಗುಹಾಕಿಸುತ್ತಿದ್ದ ಕೋಣೆಗಳ ಮೇಲ್ವಿಚಾರಕಿ ಥೋರಾಗೆ ಉಗ್ರಾಣದಲ್ಲಿ ನಾಲ್ಕು ಕೆಂಪು ಕಂಬಳಿ ಕಾಣಲಿಲ್ಲ.

ಉಗ್ರಾಣದ ಬೀಗದ ಕೈ ಇದ್ದದ್ದು ಅವಳ ಬಳಿ, ಬಿಟ್ಟರೆ ಆರ್ವಿಲ್ ಬಳಿ. ಹದಿನಾಲ್ಕು ಚಳಿಗಾಲ ಹೋಟೆಲನ್ನು ಒಬ್ಬನೇ ಕಾದವನು ಅವನು. ಚಾವಣಿ ಹತ್ತಿ, ಆಳೆತ್ತರ ಬೀಳುವ ಹಿಮವನ್ನು ಗರಗಸದಲ್ಲಿ ಕೊಯ್ದು ಕೆಳಗೆ ತಳ್ಳದಿದ್ದರೆ ತೊಲೆಗಳು ಉಳಿಯುತ್ತಿರಲಿಲ್ಲ.

"ಕಂಬಳಿ ನೋಡಿದ್ಯಾ ಆರ್ವಿಲ್?"

"ಇಲಿಗಳನ್ನ ಕೇಳು ಯಜಮಾನ್ತಿ. ಅವಕ್ಕೂ ಚಳಿ ಆಗುತ್ತೆ."

"ಬೀಗ ತೆಗೆಯೋ ಇಲೀನ ನಾನಂತೂ ಕಂಡಿಲ್ಲ."

ಅವನು ಅವಳ ಮುಖ ಬಿಟ್ಟು ಪಕ್ಕದ ಗೋಡೆ ನೋಡಿ ನಕ್ಕ. ಕದ್ದವನ ನೋಟ ಹೀಗೇ ಎಂದುಕೊಂಡಳು ಥೋರಾ.

ಮಧ್ಯಾಹ್ನ ಅವನು ಕೋಟಿನೊಳಗೆ ಏನೋ ಅವುಚಿಕೊಂಡು ಅಟ್ಟ ಹತ್ತಿ, ಅಲ್ಲಿನ ಕಿಟಕಿಯಿಂದ ಚಾವಣಿಗೆ ಹೋದ. ಸದ್ದಾಗದಂತೆ ಹಿಂದೆಯೇ ಹೋದಳು. ಚಾವಣಿಯ ಅಂಚಿನುದ್ದಕ್ಕೂ ಎತ್ತರದ ಕೋಲುಗಳನ್ನು ಹೊಡೆದಿದ್ದ; ತುದಿಗೊಂದು ಕೆಂಪು ಕಂಬಳಿಯ ಚೂರು. ಕೊನೆಯದನ್ನು ಬೆರಳಿನಿಂದ ತಡಕಿ ತಡಕಿ ಕಟ್ಟುತ್ತಿದ್ದ.

"ಇದೇನೋ ಇದು?"

"ಹಿಮ ಬಿದ್ಮೇಲೆ ಅಂಚು ಎಲ್ಲಿದೆ ಅಂತ ತಿಳೀಬೇಕಲ್ಲ."

"ಇಷ್ಟು ವರ್ಷ ತಿಳೀತಿತ್ತಲ್ಲ?"

ಅವನು ಗಂಟು ಬಿಗಿದ. "ಎರಡು ವರ್ಷದಿಂದ ಕಣ್ಣು ಮಂಜು. ಕೆಂಪು ಒಂದಿಷ್ಟು ಕಾಣುತ್ತೆ. ಮ್ಯಾನೇಜರಿಗೆ ಹೇಳ್ಬೇಡ. ಇದು ಬಿಟ್ರೆ ನನಗೆ ಬೇರೆ ಕೆಲಸ ಇಲ್ಲ. ನಿನ್ನ ಕೊಳಾಯಿ ವಿಷಯ ನಾನು ಯಾರಿಗಾದ್ರೂ ಹೇಳಿದ್ನಾ?"

ಹೇಳಿರಲಿಲ್ಲ. ಮೂರು ವರ್ಷದ ಹಿಂದೆ ಮೂರನೇ ಮಹಡಿಯ ಕೊಳಾಯಿಯ ನೀರು ಬಸಿಯಲು ಮರೆತವಳು ಅವಳು. ನೀರು ಹೆಪ್ಪುಗಟ್ಟಿ ಪೈಪು ಸೀಳಿದಾಗ ತಪ್ಪು ತನ್ನದೆಂದು ಬೈಸಿಕೊಂಡವನು ಅವನು. ಅವಳ ಕೆಲಸ ಉಳಿದದ್ದು ಅದರಿಂದ.

ಸಂಜೆ ಅಡಿಗೆಮನೆಯಲ್ಲಿ ಮ್ಯಾನೇಜರ್ ಹ್ಯಾಲೊರನ್ ಕೇಳಿದ: "ಕಂಬಳಿ ಸಿಕ್ತೇನಮ್ಮ?"

ಆರ್ವಿಲ್ ಸೂಪು ಕುಡಿಯುವುದನ್ನು ನಿಲ್ಲಿಸಿದ. ಥೋರಾ ತಟ್ಟೆ ಒರೆಸುತ್ತಲೇ ಇದ್ದಳು. ಫೆಬ್ರವರಿಯ ಬಿರುಗಾಳಿಯಲ್ಲಿ ಕೋಲೂ ಹೂತುಹೋಗುತ್ತದೆ, ಚೂರೂ ಹೂತುಹೋಗುತ್ತದೆ. ಅವನು ಅಂಚಿನಿಂದ ಬಿದ್ದರೆ ಮೇ ತಿಂಗಳವರೆಗೆ ಕೇಳುವವರಿಲ್ಲ.

"ಸಿಕ್ತು ಸಾರ್. ಇವನಿಗೆ ಕಣ್ಣು ಕಾಣಲ್ಲ. ಈ ಸಲ ಬೇರೆ ಯಾರನ್ನಾದ್ರೂ ಇಡಿ."

ಮರುದಿನ ಕಣಿವೆ ಇಳಿಯುವ ಲಾರಿಯಲ್ಲಿ ಅವಳ ಪಕ್ಕ ಜಾಗವಿದ್ದರೂ ಆರ್ವಿಲ್ ಹಿಂದೆ, ಮೂಟೆಗಳ ಮೇಲೆ ಕೂತ. ಅವನ ಋಣ ಅವಳ ತಲೆಯ ಮೇಲೆಯೇ ಉಳಿಯಿತು.