ತಮ್ಮನ ಹೆಸರಿನಲ್ಲಿ ಆಡಿದವನು

"ಹೆಸರೇನು ಬರೀಲಿ? ಬೇಗ ಹೇಳ್ರಪ್ಪಾ, ಬಣ್ಣ ಒಣಗ್ತಿದೆ," ಎಂದು ಕುಕೋ ಕುಂಚ ಎತ್ತಿ ಹಿಡಿದು ಕೂತಿದ್ದ. ಅವನ ಮುಂದೆ ಹೊಸ ಮರದ ಶಿಲುಬೆ. ಒಳಗೆ ಹೆಣದ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು.

"ಎಲಾದಿಯೋ," ಎಂದ ಸತ್ತವನ ತಮ್ಮ.

"ರಾದಾಮೆಸ್," ಎಂದಳು ತಾಯಿ ಕ್ಲೆಮೆನ್ಸಿಯಾ, ಕೂತ ಕುರ್ಚಿಯಿಂದಲೇ. "ಕಾಗದದಲ್ಲಿ ಇರೋದನ್ನೇ ಬರಿ."

"ಅಮ್ಮಾ, ರಾದಾಮೆಸ್ ಅಂದ್ರೆ ನಾನು! ಇಲ್ಲೇ ಕಲ್ಲುಗುಂಡಿನ ಹಾಗೆ ನಿಂತಿದೀನಿ!"

ಕಾಫಿ ಹಂಚುತ್ತಿದ್ದ ಪಕ್ಕದ ಮನೆಯ ನೀಡಿಯಾಗೆ ನಗು ತಡೆಯಲಾಗಲಿಲ್ಲ. "ಬದುಕಿರೋವಾಗಲೇ ಶಿಲುಬೆ! ಪುಣ್ಯವಂತ ಕಣೋ ನೀನು."

"ಸುಮ್ನಿರೇ ಮಾರಾಯ್ತಿ." ತಮ್ಮ ತಾಯಿಯ ಕಡೆ ತಿರುಗಿದ. "ಸತ್ತ ಮೇಲಾದ್ರೂ ಅವನ ಹೆಸರು ಅವನಿಗೆ ಕೊಡಬೇಡ್ವೇನಮ್ಮಾ?"

"ಯಾರಾದ್ರೂ ವಿಚಾರಿಸೋಕೆ ಬಂದ್ರೆ?"

ನಲವತ್ತು ವರ್ಷ ಕಳೆದಿತ್ತು. ವಿಚಾರಿಸುವವರೇ ಸತ್ತು ಮಣ್ಣಾಗಿರಬೇಕು. ಆದರೂ ಆ ಹೆದರಿಕೆ ಮುದುಕಿಯನ್ನು ಬಿಟ್ಟಿರಲಿಲ್ಲ.

*

ನಮ್ಮ ದ್ವೀಪದ ಸಾನ್ ಪೆದ್ರೊ ಊರಿನ ಸಕ್ಕರೆ ಕಾರ್ಖಾನೆಯ ಕೇರಿಯಲ್ಲಿ ಎಲಾದಿಯೋನಷ್ಟು ದೂರ ಚೆಂಡು ಎಸೆಯುವವರು ಇನ್ನೊಬ್ಬರಿರಲಿಲ್ಲ. ಆದರೆ ಅವನಿಗಾಗಲೇ ಹತ್ತೊಂಬತ್ತು. ಅಮೆರಿಕದ ಬೇಸ್‌ಬಾಲ್ ತಂಡಗಳಿಗೆ ಆಟಗಾರರನ್ನು ಆರಿಸುವವರ ಲೆಕ್ಕದಲ್ಲಿ ಹತ್ತೊಂಬತ್ತೆಂದರೆ ಮುದುಕ. ಹದಿನಾರರ ತಮ್ಮನ ಜನನಪತ್ರ ಅಣ್ಣನ ಕೈಗೆ ಬಂತು, ಅಣ್ಣನದು ತಮ್ಮನಿಗೆ ಹೋಯಿತು. ನಮ್ಮ ಎಷ್ಟೋ ಮನೆಗಳಲ್ಲಿ ನಡೆದದ್ದೇ. ತಂಡದವರು ಕೇರಿಗೇ ಬಂದು ಕೇಳಿಯಾರೆಂದು ತಾಯಿ ಮನೆಯೊಳಗೂ ಹೆಸರು ಅದಲುಬದಲು ಮಾಡಿ ಕರೆದಳು. ತಪ್ಪಿ ಹಳೆಯ ಹೆಸರಿಗೆ ಓಗೊಟ್ಟವನಿಗೆ ಊಟಕ್ಕೆ ಮೊದಲು ಒಂದೇಟು.

ಎಲಾದಿಯೋ ಆಯ್ಕೆಯಾದ. ಅಮೆರಿಕದ ಮೊಂಟಾನಾದ ಚಳಿಯ ಊರೊಂದರ ಕೆಳದರ್ಜೆಯ ತಂಡದಲ್ಲಿ ಅವನನ್ನು ಹೊರಮೈದಾನದ ನಟ್ಟನಡುವೆ ನಿಲ್ಲಿಸಿದರು. ಮಾತಾಡಿಸೋಣವೆಂದರೆ ಸುತ್ತ ಒಂದು ನರಪಿಳ್ಳೆಯಿಲ್ಲ. ಮೊದಲ ತಿಂಗಳಲ್ಲೇ ಒಂದು ಚೆಂಡು ಎತ್ತರಕ್ಕೇರಿ ಅವನ ಕಡೆ ಬಂತು. "ರಾದಾಮೆಸ್, ನಿಂದು!" ಎಂದು ಎಡಗಡೆಯವನು ಕೂಗಿ ಪಕ್ಕಕ್ಕೆ ಸರಿದ. ಇನ್ಯಾರನ್ನೋ ಕರೆದರೆಂದು ಇವನೂ ಸರಿದ. ಚೆಂಡು ಇಬ್ಬರ ನಡುವೆ ಬಿತ್ತು.

"ಕಿವುಡೇನೋ ನೀನು?" ಎಂದು ತರಬೇತುದಾರ ಎಲ್ಲರೆದುರು ಬೈದ.

ಭಾನುವಾರ ಎಲಾದಿಯೋ ಕೇರಿಯ ಅಂಗಡಿಗೆ ಫೋನು ಮಾಡಿ ತಾಯಿಯನ್ನು ಕರೆಸುತ್ತಿದ್ದ.

"ರಾದಾಮೆಸ್, ಉಂಡ್ಯಾ?"

"ಅಮ್ಮಾ, ಒಂದೇ ಒಂದ್ಸಲ ನನ್ನ ಹೆಸರು ಹಿಡಿದು ಕರಿ. ಇಲ್ಲಿ ನಾನು ಯಾರಂತ ಯಾರಿಗೂ ಗೊತ್ತಿಲ್ಲ."

"ಅಂಗಡೀಲಿ ಜನ ಇದಾರೆ ಮಗಾ. ಇಡ್ತೀನಿ."

ಅನೇಕ ಭಾನುವಾರ ಕೇಳಿದ, ಆಮೇಲೆ ಕೇಳುವುದನ್ನೇ ಬಿಟ್ಟ. ಮೂರನೆಯ ವರ್ಷ ಭುಜ ಕೆಟ್ಟಿತು, ತಂಡದವರು ವಾಪಸು ಕಳಿಸಿದರು. ಕೇರಿ ಅವನನ್ನು ರಾದಾಮೆಸ್ ಎಂದೇ ಎದುರುಗೊಂಡಿತು. ಅಷ್ಟು ಹೊತ್ತಿಗೆ ತಾಯಿಯ ನಾಲಿಗೆಯೂ ಹಾಗೇ ಹೊರಳಿತ್ತು. ಅವನು ಮದುವೆಯಾಗಲಿಲ್ಲ. "ಪಾದ್ರಿ ಮುಂದೆ ಯಾವ ಹೆಸರು ಹೇಳ್ಲಿ?" ಎಂದು ನಗುತ್ತಿದ್ದ.

*

"ಪಾದ್ರಿ ಕಾಯ್ತಿದಾರೆ, ಎತ್ತಿ ಎತ್ತಿ," ಎಂದರು ಯಾರೋ. ಕುಕೋ ಖಾಲಿ ಶಿಲುಬೆಯನ್ನೇ ಹೆಗಲಿಗೇರಿಸಿಕೊಂಡ. ನಾಲ್ವರು ಪೆಟ್ಟಿಗೆ ಎತ್ತಿದರು. ಹಿಂದೆ ಹೆಗಲು ಕೊಟ್ಟವನು ತಮ್ಮ.

ನಮ್ಮಲ್ಲಿ ಹೆತ್ತವಳು ಮಗನ ಹಿಂದೆ ಸ್ಮಶಾನಕ್ಕೆ ಹೋಗುವುದಿಲ್ಲ. ಬಾಗಿಲಲ್ಲೇ ಕೊನೆ. ಕ್ಲೆಮೆನ್ಸಿಯಾ ಬಾಗಿಲುವಾಡ ಹಿಡಿದು ನಿಂತಿದ್ದಳು. ಪೆಟ್ಟಿಗೆ ಬೀದಿಗಿಳಿಯಿತು.

"ಎಲಾದಿಯೋ!"

"ಏನಮ್ಮಾ?" ಎಂದು ತಮ್ಮ ತಿರುಗಿದ. ನಲವತ್ತು ವರ್ಷದ ರೂಢಿ.

ಮುದುಕಿ ತತ್ತರಿಸುತ್ತ ಬೀದಿಗಿಳಿದು, ಅವನನ್ನು ದಾಟಿ ಬಂದು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟಳು.

"ನಿನ್ನಲ್ಲ ಕಣೋ," ಎಂದಳು.

ಮತ್ತೆ ಕೂಗಿದಳು, ಇಡೀ ಕೇರಿಗೆ ಕೇಳುವ ಹಾಗೆ. ತಮ್ಮ ಈ ಸಲ ಓಗೊಡಲಿಲ್ಲ.