ಬೋರಲು ಹಾಕಿದ ಹಂಡೆ

ಒಳ್ಳೆಯ ಮುಸಲ್ಮಾನರನ್ನು ಹುಡುಕಿಕೊಡುವುದು ನನ್ನ ಕೆಲಸವಾಗಿತ್ತು. ಹೀಗೆಂದರೆ ನಿಮಗೆ ನಗು ಬರಬಹುದು. ಮೊದಮೊದಲು ನನಗೂ ಬರುತ್ತಿತ್ತು.

ಮದರಾಸಿನ ನುಂಗಂಬಾಕ್ಕಂನ ಒಂದು ಕಾನ್ಸುಲೇಟಿನಲ್ಲಿ ನಾನು ಸಾಂಸ್ಕೃತಿಕ ವಿಭಾಗದ ಸಹಾಯಕಿಯಾಗಿದ್ದೆ. ಯಾವ ದೇಶದ್ದೆಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಅವರೇ ಕೊಡುತ್ತಿದ್ದಾರೆ. ಹಿಂದೆಲ್ಲ ಅವರಿಗೆ ವೀಣೆ ನುಡಿಸುವವರು, ಭರತನಾಟ್ಯದವರು ಬೇಕಾಗುತ್ತಿತ್ತು, ಹುಡುಕಿಕೊಡುತ್ತಿದ್ದೆ. ಅಮೆರಿಕದಲ್ಲಿ ಆ ಕಟ್ಟಡಗಳು ಉರುಳಿದ ಮೇಲೆ ಅವರ ರಾಜಧಾನಿಯಿಂದ ಆದೇಶ ಬಂತು: ವೀಣೆ ಸಾಕು, ಇನ್ನು ಮೇಲೆ 'ಮಾಡರೇಟ್' ಮುಸಲ್ಮಾನರು ಬೇಕು. ಉಗ್ರರ ಮಾತಿಗೆ ಎದುರು ಮಾತಾಡಬಲ್ಲವರನ್ನು ಗುರುತಿಸಿ, ಸ್ನೇಹ ಬೆಳೆಸಿ, ಅವರ ಕೈ ಬಲಪಡಿಸಿ. ಈ ಕೆಲಸಕ್ಕೆಂದೇ ಬಂದ ಅಧಿಕಾರಿಯ ಹೆಸರು ರೋಲಾಂಡ್. ತುಂಬಾ ಒಳ್ಳೆಯವನು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು, ಅವನು ಅದಕ್ಕೂ ಅವಕಾಶ ಕೊಡಲಿಲ್ಲ.

ಮುನವ್ವರ್ ಹಜರತ್ ನನಗೆ ಮೊದಲೇ ಗೊತ್ತಿದ್ದವರು. ಪೆರಂಬೂರಿನ ರೈಲ್ವೆ ವರ್ಕ್‌ಷಾಪಿನ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಮಸೀದಿಯಿದೆ, ಅದರ ಇಮಾಮರು. ಹುಟ್ಟೂರು ಕೊಳ್ಳೇಗಾಲ. ಅದು ಮದ್ರಾಸಿಗೆ ಸೇರಿದ್ದ ಕಾಲದಲ್ಲೇ ಅವರ ತಂದೆ ವರ್ಕ್‌ಷಾಪಿನಲ್ಲಿ ಕೆಲಸ ಹುಡುಕಿಕೊಂಡು ಬಂದರಂತೆ. ನಮ್ಮ ಮನೆಯವರು ಮುತ್ತಜ್ಜನ ಕಾಲದಿಂದ ಮದರಾಸಿನವರು. ನಾನು ಮೊದಲ ಸಲ ಕನ್ನಡದಲ್ಲಿ ಮಾತಾಡಿಸಿದಾಗ ಹಜರತ್ ಗಡ್ಡ ಅಲ್ಲಾಡುವಷ್ಟು ನಕ್ಕಿದ್ದರು.

"ಇದ್ಯಾವ ಸೀಮೆ ಕನ್ನಡಾನಮ್ಮ? ಅರ್ಧಕ್ಕರ್ಧ ತಮಿಳೇ ಅದೆ!"

"ನಿಮ್ದು ಮಾತ್ರ ರೊಂಬ ಸುದ್ಧವೋ?" ಎಂದಿದ್ದೆ. ಅಲ್ಲಿಂದ ನಮಗೆ ಸಲಿಗೆ.

ರಂಜಾನಿನಲ್ಲಿ ಈ ಊರಿನ ಮಸೀದಿಗಳಲ್ಲೆಲ್ಲ ಮಧ್ಯಾಹ್ನ ನೋಂಬು ಗಂಜಿ ಬೇಯುತ್ತದೆ. ಅಕ್ಕಿ, ಹೆಸರುಬೇಳೆ, ಬೆಳ್ಳುಳ್ಳಿ, ಮೆಂತ್ಯ. ಉಪವಾಸ ಬಿಡುವವರಿಗೆಂದು ಕಾಯಿಸಿದರೂ ಬೀದಿಗೆಲ್ಲ ಹಂಚುತ್ತಾರೆ. ಹಜರತ್ತರ ಮಸೀದಿಯ ಸಾಲಿನಲ್ಲಿ ಪಾಳಿ ಮುಗಿಸಿ ಬಂದ ವರ್ಕ್‌ಷಾಪಿನವರು, ಹೂ ಮಾರುವವಳು, ಮಗುವಿಗೆ ಹುಷಾರಿಲ್ಲವೆಂದು ಹಿಡಿಕೆಯ ತೂಕುಪಾತ್ರೆ ಹಿಡಿದು ಬಂದ ತಾಯಂದಿರು, ಎಲ್ಲ ಜಾತಿಯವರೂ ಇರುತ್ತಿದ್ದರು. ಮಡಿ ಮನೆಯಲ್ಲಿ ಬೆಳೆದ ನಾನೂ ಲೋಟ ಹಿಡಿದು ನಿಂತವಳೇ. ಮನೆಯಲ್ಲಿ ಹೇಳಿರಲಿಲ್ಲ, ಅಷ್ಟೇ.

ಆ ಬೀದಿಗೂ ಹೊಸಬರು ಬಂದಿದ್ದರು. ಶುಕ್ರವಾರ ಮಸೀದಿಯ ಬಾಗಿಲಲ್ಲಿ ಭಾಷಣದ ಕ್ಯಾಸೆಟ್ಟು ಹಂಚುವವರು. ಅಕ್ಕಪಕ್ಕದವರ ಮನೆಯ ಪೊಂಗಲ್ ತಿನ್ನಬಾರದು, ವೋಟು ಹಾಕಬಾರದು, ಗಂಜಿ ನಮ್ಮವರಿಗೆ ಮಾತ್ರ ಎನ್ನುವವರು. ಕೆಲಸವಿಲ್ಲದ ಹುಡುಗರು ಒಬ್ಬೊಬ್ಬರಾಗಿ ಅವರ ಹಿಂದೆ ಹೋಗುತ್ತಿದ್ದರು. ಹಜರತ್ ಭಾಷಣ ಮಾಡಲಿಲ್ಲ. ತಾವೇ ಸೌಟು ಹಿಡಿದು ಹಂಡೆಯ ಮುಂದೆ ನಿಂತರು. "ಹಸಿದಿರೋನ ಹೆಸ್ರು ಯಾಕ್ ಕೇಳೀಯೆ? ಲೋಟ ಹಿಡಿ ಅನ್ನು" ಎಂದು ಆ ಹುಡುಗರ ಕೈಯಲ್ಲೇ ಬಡಿಸಿದರು. ಕೆಲವರು ವಾಪಸು ಬಂದರು. ಆ ಮಸೀದಿಯ ಪೀಠದಲ್ಲಿ ಅವರಿರುವ ತನಕ ಆ ಬೀದಿ ಹೊಸಬರ ಕೈಗೆ ಹೋಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಹೊಸಬರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹಜರತ್ತರ ಬಲವೆಲ್ಲ ಒಂದೇ: ಯಾರ ಹಂಗಿನಲ್ಲೂ ಇರಲಿಲ್ಲ.

ರೋಲಾಂಡ್ ಅವರ ಬಗ್ಗೆ ಯಾರಿಂದಲೋ ಕೇಳಿ, ನೋಡಲೇಬೇಕೆಂದು ಹಟ ಹಿಡಿದು ಬಂದ. ರಂಜಾನಿಗೆ ಇನ್ನೂ ತಿಂಗಳಿತ್ತು. ಮಸೀದಿಯ ಅಂಗಳದಲ್ಲಿ ಹಳೆಯ ಹಂಡೆಗೆ ಬೆಸುಗೆ ಹಾಕಿಸುತ್ತಿದ್ದರು, ಅದು ಸೋರುತ್ತಿತ್ತು. ರೋಲಾಂಡನ ಕಣ್ಣು ಅಲ್ಲೇ ನಿಂತುಬಿಟ್ಟಿತು.

"ಹೊಸ ಹಂಡೆ ನಾವು ಕೊಡುತ್ತೇವೆ. ದಯವಿಟ್ಟು ಬೇಡ ಅನ್ನಬೇಡಿ" ಎಂದ. ನಾನು ಕನ್ನಡಕ್ಕೆ ತಿರುಗಿಸಿ ಹೇಳಿ, ಜೊತೆಗೆ ನನ್ನದೊಂದು ಮಾತು ಸೇರಿಸಿದೆ: "ಬೇಡ ಅಂದ್ಬಿಡಿ ಹಜರತ್."

ಹಜರತ್ ನನ್ನ ಮುಖ ನೋಡಿ ನಕ್ಕರು. "ಮನೆ ಬಾಗ್ಲಿಗೆ ಬಂದೋರು ಪ್ರೀತಿಯಿಂದ ಕೊಟ್ರೆ ಹೆಂಗಮ್ಮ ಬ್ಯಾಡ ಅನ್ನೋದು? ಒಂದೇ ಒಂದು ಹೇಳಿ ಅವರ್ಗೆ. ಹೆಸ್ರು ಗಿಸ್ರು ಏನೂ ಹಾಕ್ಬ್ಯಾಡಿ. ಫೋಟೋನೂ ಬ್ಯಾಡ."

ಈ ಊರಿನಲ್ಲಿ ಹೆಸರು ಹಾಕದೆ ಯಾರೂ ಏನೂ ಕೊಡುವುದಿಲ್ಲ. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟವರು ಅದರ ಮೈತುಂಬ ತಾತನಿಂದ ಮೊಮ್ಮಗನವರೆಗೆ ಹೆಸರು ಬರೆಸಿ, ಬೆಳಕು ಬೀಳದಂತೆ ಮಾಡಿರುತ್ತಾರೆ. ರೋಲಾಂಡನಿಗೂ ಆ ಟ್ಯೂಬ್‌ಲೈಟುಗಳನ್ನು ಕಂಡರೆ ನಗು. "ಎಲ್ಲೂ ಕಾಣಿಸುವುದಿಲ್ಲ, ಮಾತು ಕೊಡುತ್ತೇನೆ" ಎಂದು ಹಜರತ್ತರ ಎರಡೂ ಕೈ ಹಿಡಿದುಕೊಂಡ.

ರಂಜಾನಿನ ಹಿಂದಿನ ದಿನ ಹೊಸ ಹಂಡೆ ಮಸೀದಿಗೆ ಹೋಯಿತು. ದಪ್ಪ ತಾಮ್ರದ್ದು, ಒಳಗೆ ಕಲಾಯಿ, ನಾಲ್ಕು ಜನ ಹಿಡಿಯಬೇಕು. ಒಲೆಯ ಮೇಲೆ ಕೂತಿತು, ಗಂಜಿ ಬೆಂದಿತು, ಬೀದಿಯೆಲ್ಲ ಕುಡಿಯಿತು. ಮಾರನೆಯ ಬೆಳಿಗ್ಗೆ ಆಫೀಸಿಗೆ ಹಜರತ್ತರ ಫೋನು.

"ಅಮ್ಮ, ಒಸಿ ಬಂದೋಗಿ."

ಆಟೋ ಹಿಡಿದು ಹೋದೆ. ಗಂಜಿಯ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಒಳಹೊರಗೆ ತಿಕ್ಕಿ ತೊಳೆದು, ನೀರು ಸೋರಲೆಂದು ಅಂಗಳದಲ್ಲಿ ಬೋರಲು ಹಾಕಿದ್ದರು. ನಮಾಜಿಗೆ ಮುನ್ನ ಕೈಕಾಲು ತೊಳೆದು ವುಜೂ ಮಾಡುವ ನಲ್ಲಿಗಳ ಎದುರಿಗೇ. ತಳ ಮೇಲೆ. ಆ ತಳದ ಮೇಲೆ ತಟ್ಟೆಯಗಲ ಒಂದು ಬಾವುಟ, ಅದರ ಸುತ್ತ ಉಬ್ಬಿದ ಅಕ್ಷರಗಳಲ್ಲಿ ಇಂಥ ದೇಶದ ಜನತೆಯ ಕಾಣಿಕೆ ಎಂದು ಇಂಗ್ಲಿಷಿನಲ್ಲಿ, ತಮಿಳಿನಲ್ಲಿ. ಮಳೆಗಾಲದ ನಡುವೆ ಅವತ್ತೊಂದು ದಿನ ಬಿಸಿಲು ಬಿದ್ದಿತ್ತು. ಬಾಗಿಲಾಚೆ ಬೀದಿಯಿಂದಲೂ ಓದಬಹುದಿತ್ತು.

ನಿಂತಲ್ಲೇ ಮೈ ಉರಿದುಹೋಯಿತು. ಅಲ್ಲಿಂದಲೇ ಆಡಳಿತ ವಿಭಾಗದ ತಿರುಮಲನಿಗೆ ಫೋನು ಮಾಡಿದೆ. ಸಾಮಾನು ಕೊಳ್ಳುವುದೆಲ್ಲ ಅವನದೇ ಕೈ. ನಮ್ಮಂತೆಯೇ ಹಳೇ ಮದರಾಸಿನ ಕನ್ನಡದವನು.

"ಏನ್ ಜಯಾ, ಸುಮ್ನೆ ಟೆನ್ಷನ್ ಆಗ್ತೀಯ. ಗುರ್ತು ಇಲ್ದೆ ಒಂದ್ ಗುಂಡುಸೂಜಿ ಕೂಡ ನಮ್ ಗೇಟ್ ದಾಟ್ಕೂಡಾದು, ರೂಲು. ಸಾಹೇಬ್ರು ಬೇರೆ ಕಾಣಕೂಡಾದು ಅಂದ್ರು. ನಾನೇ ಐಡಿಯಾ ಕೊಟ್ಟೆ, ಅಡೀಲಿ ಹಾಕ್ಸಣ ಅಂತ. ಒಲೆ ಮೇಲೆ ಕೂತ ಅಂಡೆ ಅಡಿ ಯಾರ್ ನೋಡ್ತಾರೆ, ಸೊಲ್ಲು?"

"ತೊಳದ್ಮೇಲೆ ಪಾತ್ರೆ ಹೇಗ್ ಇಡ್ತಾರೋ ನಿಮ್ಮನೇಲಿ?" ಎಂದೆ.

"ಅದು ನಮ್ ಮನೆಯವಳಿಗ್ ತಾನೇ ತೆರಿಯುಂ, ನಂಗೇನ್ ಗೊತ್ತು" ಎಂದ. ಒಂದು ಇಡೀ ದೇಶದ ಕಾನ್ಸುಲೇಟಿನಲ್ಲಿ ಒಬ್ಬನಾದರೂ ಒಂದು ಪಾತ್ರೆ ತೊಳೆದಿಟ್ಟವನಿರಲಿಲ್ಲ.

ಹಜರತ್ ಮಾತ್ರ ಕೋಪ ಮಾಡಿಕೊಂಡಿರಲಿಲ್ಲ. "ವರ್ಕ್‌ಷಾಪಿನ ಹುಡುಗ್ರು ಒಂದ್ ಗಳಿಗೇಲಿ ಅರ ಹಾಕಿ ಉಜ್ಜಾಕ್ತಾರೆ. ನಿಮ್ ಸಾಹೇಬ್ರನ್ನ ಒಂದ್ ಮಾತು ಕೇಳ್ಬುಡಿ."

"ಕೇಳೋದೇನು? ಈಗ್ಲೇ ಉಜ್ಜಿಸ್ಬಿಡಿ. ನಾನೂ ನೋಡ್ಲಿಲ್ಲ, ಅವನೂ ನೋಡ್ಲಿಲ್ಲ."

"ಹಂಗಲ್ಲ ಕಣಮ್ಮ. ಕೊಟ್ಟಿರೋ ವಸ್ತು ಮೇಲೆ ಅವರ ದೇಸದ ಬಾವುಟ ಅದೆ. ಹೇಳ್ದೆ ಕೇಳ್ದೆ ಅರ ಹಾಕಿದ್ರೆ ಅದು ಅವರ್ಗೆ ಅವಮಾನ. ನಮ್ಮ ಬಾವುಟಕ್ಕೆ ಯಾರಾನ ಹಂಗ್ ಮಾಡುದ್ರೆ ನಾವ್ ಬುಡ್ತೀವಾ?"

ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಮರ್ಯಾದೆಯೇ ಅವರಿಗೆ ಮುಳುವಾಗುತ್ತಿದೆ ಎಂದು ನನಗೆ ಅಲ್ಲೇ ಅನ್ನಿಸಿತು, ಜಗಳವಾಡಿದೆ, ಸೋತೆ.

ರೋಲಾಂಡ್ ವಿಷಯ ಕೇಳಿ ತಲೆ ಮೇಲೆ ಕೈಹೊತ್ತು ಕೂತ. ನಿಜವಾಗಿಯೂ ನೊಂದುಕೊಂಡ. ಆದರೆ "ಉಜ್ಜಿಸಲಿ" ಎಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ. ಬಾವುಟವನ್ನು ಅರ ಹಾಕಿ ಅಳಿಸಲು ಒಬ್ಬ ಅಧಿಕಾರಿ ಒಪ್ಪಿಗೆ ಕೊಟ್ಟನೆಂದು ಗೊತ್ತಾದರೆ ಅವನ ಗತಿ? "ದೆಹಲಿಯ ನಮ್ಮ ರಾಯಭಾರ ಕಚೇರಿಯನ್ನು ಕೇಳುತ್ತೇನೆ ಜಯಾ, ತುರ್ತು ಎಂದು ಬರೆಯುತ್ತೇನೆ" ಎಂದ. ದೆಹಲಿಯವರು ತಮ್ಮ ರಾಜಧಾನಿಯನ್ನು ಕೇಳಿದರು. ಅಲ್ಲಿ ಯಾವ ಮಹಾನುಭಾವ ಪೆರಂಬೂರಿನ ಗಂಜಿ ಹಂಡೆಯ ತಳದ ಬಗ್ಗೆ ತಲೆಕೆಡಿಸಿಕೊಂಡು ಕೂತನೋ, ನನಗೆ ತಿಳಿಯದು.

ಉತ್ತರ ಬರುವ ತನಕ ಹಜರತ್ ತೊಳೆದ ಹಂಡೆಯ ಮೇಲೆ ಒಂದು ಗೋಣಿತಾಟು ಹೊದಿಸಿದರು. ಅದೇ ತಪ್ಪಾಯಿತು. ಬಿಸಿಲಿಗೆ ಒಣಗಲು ಹಾಕಿದ ಪಾತ್ರೆಗೆ ಯಾರು ಗೋಣಿ ಹೊದಿಸುತ್ತಾರೆ?

ಶುಕ್ರವಾರ ನಮಾಜ್ ಮುಗಿಯುತ್ತಿದ್ದಂತೆ ಕ್ಯಾಸೆಟ್ಟಿನವರಲ್ಲೊಬ್ಬ ಎದ್ದು ಹೋಗಿ ಗೋಣಿ ಎಳೆದ. ಉಳಿದವರು ಹಂಡೆಯನ್ನು ಉರುಳಿಸಿಕೊಂಡು ಬಂದು ಮೆಟ್ಟಿಲ ಮುಂದೆ ಬೋರಲು ಹಾಕಿದರು. ಅವತ್ತು ಸಂಜೆ ಮಸೀದಿಯ ಪಕ್ಕದ ತಮ್ಮ ಕೋಣೆಯಲ್ಲಿ ಕೂತು ಹಜರತ್ತರೇ ಇದನ್ನೆಲ್ಲ ನನಗೆ ಹೇಳಿದರು. ಆ ಹೊತ್ತಿಗಾಗಲೇ ಬೀದಿಯ ಗೋಡೆಗಳಿಗೆ ಪೋಸ್ಟರು ಬಿದ್ದಿತ್ತು: ಯಾರ ಗಂಜಿಯಲ್ಲಿ ನಿಮ್ಮ ಉಪವಾಸ ಬಿಟ್ಟಿರಿ?

"ನಿಮ್ಗೆ ಗೊತ್ತಿತ್ತಾ ಹಜರತ್ ಅಂತ ಕೇಳುದ್ರು. ಗೊತ್ತಿತ್ತು ಅಂದೆ. ಗೊತ್ತಿದ್ರೂ ಯಾಕ್ ಉಜ್ಜಿಸ್ನಿಲ್ಲ ಅಂದ್ರು."

"ಏನಂದ್ರಿ?"

"ಇದ್ದುದ್ನೇ ಅಂದೆ. ಪರ್ಮಿಸನ್ ಕೇಳಿವ್ನಿ ಅಂದೆ."

ನಾನು ತಲೆ ತಗ್ಗಿಸಿದೆ. ಆ ಒಂದು ಮಾತೇ ಸಾಕಾಯಿತು. ನಮ್ಮ ಮಸೀದಿಯ ಹಂಡೆ ಉಜ್ಜಲು ಇವರು ಅವರ ಅಪ್ಪಣೆ ಕಾಯುತ್ತಿದ್ದಾರೆ ಎಂಬ ಗುಲ್ಲೆದ್ದಿತು. ಕ್ಯಾಸೆಟ್ಟಿನವರು ಹೇಳಿದ ನೂರು ಸುಳ್ಳನ್ನು ನಂಬದಿದ್ದ ಮುದುಕರು ಹಜರತ್ತರು ಹೇಳಿದ ಒಂದು ನಿಜವನ್ನು ನಂಬಿ ಮುಖ ತಿರುಗಿಸಿದರು. ಅವತ್ತಿನ ಗಂಜಿಗೆ ನೆನೆಸಿದ್ದ ಅಕ್ಕಿಬೇಳೆಯನ್ನು ಮೋರಿಗೆ ಸುರಿದರು. ಮಸೀದಿ ಕಮಿಟಿಯವರು ಸಂಜೆಯೊಳಗೆ ಕ್ಯಾಸೆಟ್ಟಿನವರ ಕಡೆಯ ಹೊಸ ಇಮಾಮರನ್ನು ಗೊತ್ತುಮಾಡಿದರು. ಕೋಣೆಯನ್ನೂ ಬಿಡಬೇಕಾಗಿತ್ತು.

ರೋಲಾಂಡ್ ಸುದ್ದಿ ಕೇಳಿ, ಹಜರತ್ತರನ್ನು ಬೆಂಬಲಿಸಿ ಪತ್ರಿಕೆಗೆ ಒಂದು ಹೇಳಿಕೆ ಕೊಡುತ್ತೇನೆಂದು ಹೊರಟ. ಬಾಗಿಲಿಗೆ ಅಡ್ಡ ನಿಂತೆ. "ಉಪಕಾರ ಮಾಡಿ, ಅವರನ್ನು ಇನ್ನೊಮ್ಮೆ ಕೊಲ್ಲಬೇಡಿ" ಎಂದೆ. ಅವನ ಕಣ್ಣಲ್ಲಿ ನೀರು ಬಂತು. ನನಗೆ ಅಯ್ಯೋ ಅನ್ನಿಸಲಿಲ್ಲ.

ದೆಹಲಿಯ ಉತ್ತರ ಮುಂದಿನ ವಾರ ಬಂತು. ಬಾವುಟಕ್ಕೆ ಹಾನಿ ಮಾಡುವಂತಿಲ್ಲ. ಆದರೆ ಸ್ಥಳೀಯ ಸೂಕ್ಷ್ಮತೆಗಳನ್ನು ಗಮನದಲ್ಲಿಟ್ಟುಕೊಂಡು, ಶುಭ್ರವಾದ ಬಟ್ಟೆಯಿಂದ ಮುಚ್ಚಿಡಬಹುದು.

ಹಜರತ್ ತಾಂಬರಂನಲ್ಲಿದ್ದ ಮಗಳ ಮನೆಗೆ ಹೋದರು. ಲೋಕಲ್ ಟ್ರೈನಿನಲ್ಲಿ ಹೋಗಿ ಒಮ್ಮೆ ನೋಡಿಬಂದೆ. ಹಜಾರದಲ್ಲಿ ಪಕ್ಕದ ಮನೆಗಳ ಎರಡು ಹೆಣ್ಣುಮಕ್ಕಳಿಗೆ ಓದಲು ಕಲಿಸುತ್ತಿದ್ದರು. ಸೊರಗಿದ್ದರು. ನಮ್ಮ ಕಚೇರಿಯವರನ್ನು ನಾನು ಬಾಯಿಗೆ ಬಂದಂತೆ ಬೈದೆ. ಅವರು ಬೈಯಲಿಲ್ಲ.

"ಕೆಟ್ಟೋರಲ್ಲಮ್ಮ ಅವರು. ಕೊಟ್ಟಿದ್ನ ಮರ್ಯಕ್ಕೆ ಬರಾಕಿಲ್ಲ, ಅಷ್ಟೇಯ." ಮಕ್ಕಳ ಪುಸ್ತಕ ಮಡಚಿಟ್ಟು, "ಗಂಜಿ ಸಾಲು ಹೆಂಗದೆ ಈಗ? ಆ ಹೂವಿನಾಕೆ ಬತ್ತಾಳಾ?" ಎಂದರು.

"ಗೊತ್ತಿಲ್ಲ ಹಜರತ್, ಆ ಕಡೆ ಹೋಗಿಲ್ಲ" ಎಂದೆ. ಅದು ನಿಜವೇ ಆಗಿತ್ತು.

ಮುಂದಿನ ರಂಜಾನಿನ ಹೊತ್ತಿಗೆ ರೋಲಾಂಡ್ ಬಡ್ತಿಯ ಮೇಲೆ ಬೇರೆ ದೇಶಕ್ಕೆ ಹೋಗಿಯಾಗಿತ್ತು. ಹೊಸದಾಗಿ ಬಂದ ಹೆಂಗಸಿಗೆ ಕಡತದಲ್ಲಿ ಪೆರಂಬೂರು ಎಂಬ ಹೆಸರು ಸಿಕ್ಕಿತು. "ಅಲ್ಲಿ ನಮಗೆ ಹಳೆಯ ಸಂಬಂಧ ಇದೆಯಲ್ಲ ಜಯಾ. ಅಲ್ಲಿನ ಇಮಾಮರು ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾರಂತೆ. ನಮ್ಮ ಇಫ್ತಾರಿಗೆ ಕರೆಯೋಣ, ನೀನೇ ಹೋಗಿ ಬಾ" ಎಂದಳು. ಇಫ್ತಾರ್ ಪಂಚತಾರಾ ಹೋಟೆಲಿನಲ್ಲಿ. ಆ ಇಮಾಮ ಯಾರು, ಹಂಡೆಯ ಕಥೆ ಏನು, ಎಲ್ಲ ಹೇಳಿದೆ. ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಮನುಷ್ಯರು ಬದಲಾಗುತ್ತಾರೆ, ಮಾತುಕತೆ ಅನ್ನುವುದು ಅದಕ್ಕೇ ಅಲ್ಲವೇ" ಎಂದಳು.

ಹೋದೆ. ಕ್ಯಾಸೆಟ್ಟಿನವರ ಇಮಾಮ ನನ್ನಿಂದ ಆಮಂತ್ರಣವನ್ನು ನಯವಾಗಿಯೇ ತೆಗೆದುಕೊಂಡ. ಬರುತ್ತೇನೆಂದೂ ಹೇಳಿದ. ಅಂಗಳಕ್ಕೆ ಬಂದರೆ ಅದೇ ತಾಮ್ರದ ಹಂಡೆ, ತೊಳೆದು ಬೋರಲು ಹಾಕಿದ್ದಾರೆ. ತಳದ ನಡುವೆ ತಟ್ಟೆಯಗಲ ಜಾಗ ಅರ ಹಾಕಿ ನುಣ್ಣಗೆ ಮಾಡಿದೆ. ಯಾರನ್ನೂ ಕೇಳಿರಲಿಲ್ಲ. ನಮ್ಮ ಕಚೇರಿಗೆ ಆ ಒಂದು ವರ್ಷದಲ್ಲಿ ಯಾವ ಅವಮಾನವೂ ಆಗಿರಲಿಲ್ಲ.

ಒಲೆಯ ಪಕ್ಕ ಒಬ್ಬ ಅಕ್ಕಿ ತೊಳೆಯುತ್ತಿದ್ದ. ಬಾಗಿಲಾಚೆ ನಿಂತಿದ್ದ ಹೂವಿನವಳಿಗೆ ಕೂತಲ್ಲಿಂದಲೇ ತಮಿಳಿನಲ್ಲಿ ಕೂಗಿ ಹೇಳಿದ, ಗಂಜಿ ನಮ್ಮವರಿಗೆ ಮಾತ್ರ, ನಿಲ್ಲಬೇಡ ಎಂದು. ಅವಳು ತೂಕುಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಕಚೇರಿಗೆ ವಾಪಸಾದಾಗ ಹೊಸ ಮೇಡಂ ಉತ್ಸಾಹದಿಂದ ಎದ್ದು ಬಂದಳು. "ಒಪ್ಪಿದರಾ? ಒಳ್ಳೆಯದಾಯಿತು. ನಾವು ಕೊಟ್ಟ ಹಂಡೆ ಇನ್ನೂ ಉಪಯೋಗವಾಗುತ್ತಿದೆಯೇ?"

"ಆಗುತ್ತಿದೆ ಮೇಡಂ" ಎಂದೆ. "ಒಳ್ಳೆಯ ಹಂಡೆ. ಒಂದು ತೊಟ್ಟೂ ಸೋರುವುದಿಲ್ಲ."