ಇಬ್ಬರು ಪಾದ್ರಿಗಳ ಜಂಟಿ ಖಂಡನೆ

ಎಸ್ತೆರಾಗೆ ಮದುವೆಯಾಗಬೇಕಿತ್ತು, ಅದೂ ಮೆತೋದನನ್ನೇ. ಹಳ್ಳದ ಈಚೆ ಅವಳಪ್ಪ, ಲುಥರನ್ ಪಾದ್ರಿ ಸಮುಯೆಲ್. ಆಚೆ ಮೆತೋದನ ಸೋದರಮಾವ, ಕ್ಯಾಥೋಲಿಕ್ ಪಾದ್ರಿ ಆಲೋಯ್ಸ್. ಮತದ ಜಗಳವನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಇವರದು ಬರವಣಿಗೆಯ ಜಗಳ. ಸ್ಲೋವಾಕರು ಬರೆದರೆ ಹಳೆಯ ಬೈಬಲಿನ ಚೆಕ್ ಭಾಷೆಯಲ್ಲೇ ಬರೆಯಬೇಕು ಎಂದು ಈಚೆಯವರು. ಅಲ್ಲ, ನಮ್ಮ ಕ್ಯಾಥೋಲಿಕ್ ಪಂಡಿತರು ಕಟ್ಟಿದ ಭಾಷೆಯಲ್ಲಿ ಎಂದು ಆಚೆಯವರು. ಇಬ್ಬರೂ ಬಾಯಿಬಿಟ್ಟರೆ ಬರುವುದು ಮಾತ್ರ ಊರ ಕುರಿಗಾಹಿಗಳು ಆಡುವ ಮಾತೇ! ಆದರೂ ಹಾವು ಮುಂಗುಸಿ. ಎಸ್ತೆರಾ ಹುಟ್ಟಿದಾಗಿನಿಂದ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ.

ಮೆತೋದನೋ, ಇನ್ನೊಂದು ಥರದ ಹುಚ್ಚ. ಜನ ಆಡಿದ ಹಾಗೇ ಬರೆಯಬೇಕು ಎಂದು ಪಟ್ಟಣದ ಹುಡುಗರು ಹೊಸ ಭಾಷೆಯೊಂದನ್ನು ಹುಟ್ಟುಹಾಕಿದ್ದರಲ್ಲ, ಅದು ಇವನ ತಲೆಗೇರಿತ್ತು.

"ಮಾವಂಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ ಕಣೇ," ಎಂದ.

ಎಸ್ತೆರಾಳ ಕಣ್ಣು ಮಿಂಚಿತು. "ಹಾಗಾದ್ರೆ ಇವತ್ತೇ ಹೇಳ್ಬಿಡು. ಮದುವೆ ಆ ಭಾಷೇಲೇ ಅನ್ನು. ನಾನೂ ನಮ್ಮಪ್ಪಂಗೆ ಹೇಳ್ತೀನಿ."

ಮಧ್ಯಾಹ್ನ ಊಟಕ್ಕೆ ಕುಳಿತಾಗ ಹೇಳಿಯೇಬಿಟ್ಟಳು. "ಅಪ್ಪಾ, ನೀನೂ ಬೇಡ, ಆಚೆಯವರೂ ಬೇಡ. ಪಟ್ಟಣದಿಂದ ಒಬ್ಬ ಎಳೆ ಪಾದ್ರಿ ಬಂದು ಹೊಸ ಭಾಷೇಲಿ ನಮ್ಮ ಮದುವೆ ಮಾಡಿಸ್ತಾನಂತೆ."

ಆಲೂಗಡ್ಡೆ ಕಡುಬು ಸಮುಯೆಲರ ಚಮಚದಿಂದ ಜಾರಿ ಗಡ್ಡಕ್ಕೆ ಬಿತ್ತು. "ಕುರಿ ಕಾಯೋರ ಭಾಷೇಲಿ ನನ್ನ ಮಗಳ ಮದುವೆನಾ!" ಟೋಪಿಯನ್ನೂ ಹಾಕಿಕೊಳ್ಳದೆ ಹೊರಟೇಬಿಟ್ಟರು. ಹಳ್ಳ ದಾಟುವ ಸಂಕದ ನಡುವೆ, ಕೊರಳಿಗೆ ಊಟದ ಬಟ್ಟೆ ಕಟ್ಟಿಕೊಂಡೇ ಆಲೋಯ್ಸ್ ಎದುರಿಗೆ ಓಡಿಬರುತ್ತಿದ್ದರು.

"ಕೇಳಿದ್ರಾ?"

"ಕೇಳ್ದೆ ಸ್ವಾಮಿ, ಕೇಳ್ದೆ! ಲೋಕ ಹಾಳಾಯ್ತು!"

ಇಬ್ಬರೂ ಸಮುಯೆಲರ ಮನೆಗೆ ಬಂದರೆ ಮೇಜಿನ ಮೇಲೆ ಪ್ಲಮ್ ಹಣ್ಣಿನ ಸಾರಾಯಿ, ಎರಡು ಲೋಟ ಸಿದ್ಧ. ಎಸ್ತೆರಾ ಅಡುಗೆಮನೆಯ ಬಾಗಿಲಿಗೆ ಕಿವಿಯಾನಿಸಿ ನಿಂತಳು.

"ಅದರ ಬದಲು ಮದುವೆ ನಿಮ್ಮ ಭಾಷೇಲೇ ಆಗ್ಲಿ ಸ್ವಾಮಿ," ಎಂದರು ಸಮುಯೆಲ್.

"ಛೆ ಛೆ, ಹೆಣ್ಣಿನ ಕಡೆಯವರು ನೀವು. ನಿಮ್ಮ ಭಾಷೇಲೇ ಆಗ್ಲಿ."

"ಅರ್ಧ ನಿಮ್ಮದು, ಅರ್ಧ ನಮ್ಮದು! ಕೊಯ್ಲು ಮುಗಿದ ಮೊದಲ ಭಾನುವಾರ!"

"ಆಯ್ತು, ಹಿಡೀರಿ ಕೈ!"

ಮದುವೆಗೇ ಒಪ್ಪಿಬಿಟ್ಟೆವೆಂಬುದು ಪುಣ್ಯಾತ್ಮರಿಬ್ಬರಿಗೂ ಹೊಳೆಯಲಿಲ್ಲ. ಒಳಗೆ ಎಸ್ತೆರಾ ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಒಲೆಯ ಸುತ್ತ ಗಿರಗಿರನೆ ಕುಣಿದಳು. ಹಿತ್ತಿಲ ಬಾಗಿಲಿಂದ ನುಸುಳಿದ ಮೆತೋದನನ್ನೂ ಎಳೆದುಕೊಂಡು ಕುಣಿಸಿದಳು.

ಅಷ್ಟರಲ್ಲಿ ಹೊರಗೆ, "ಈ ಹೊಸ ಭಾಷೆಗೆ ಒಂದು ಖಂಡನೆ ಬರೆದು ಪತ್ರಿಕೆಗೆ ಕಳಿಸೋಣ," ಎಂದರು ಆಲೋಯ್ಸ್.

"ಕಳಿಸೋಣ. ಬೈಬಲಿನ ಭಾಷೇಲಿ ಬರೀತೀನಿ."

"ಅದ್ಯಾಕೆ? ನಮ್ಮದಕ್ಕೇನಾಗಿದೆ ರೋಗ?"

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋಗುತ್ತದಲ್ಲಪ್ಪಾ ದೇವರೇ! ಎಸ್ತೆರಾ ಓಡಿಹೋಗಿ ಅಪ್ಪನ ಕೈಯಿಂದ ಲೇಖನಿ ಕಿತ್ತುಕೊಂಡಳು.

"ನೀವಿಬ್ರೂ ಬಾಯಲ್ಲಿ ಹೇಳ್ತಾ ಹೋಗಿ. ಬರೆಯೋದು ನಂಗಿರ್ಲಿ. ಯಾರ ಕಡೆನೂ ವಾಲಲ್ಲ, ನನ್ನಾಣೆ."

ಇಬ್ಬರೂ ಗೊಣಗುತ್ತ ಕುಳಿತರು. ಮತ್ತೊಂದು ಲೋಟ ಇಳಿಯಿತು, ನಾಲಗೆ ಸಡಿಲವಾಯಿತು.

"ಬರಿ! ಈ ಹುಡುಗ್ರಿಗೆ ತಲೆ ನೆಟ್ಟಗಿಲ್ಲ!"

"ಹಾಂ, ಮೀಸೆ ಮೂಡೋಕೆ ಮುಂಚೆ ಭಾಷೆ ತಿದ್ದೋಕೆ ಬಂದವ್ರೆ ಅಂತ ಸೇರ್ಸು!"

ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಂಡರು. ಮೇಜು ಗುದ್ದಿದರು, ನಕ್ಕರು, ಒಬ್ಬರ ಬೆನ್ನು ಇನ್ನೊಬ್ಬರು ತಟ್ಟಿದರು. ಅವರಾಡಿದ್ದನ್ನು ಆಡಿದ ಹಾಗೇ, ಒಂದಕ್ಷರ ತಿದ್ದದೆ ಬರೆದುಕೊಂಡ ಎಸ್ತೆರಾ ಕೊನೆಗೆ ಗಟ್ಟಿಯಾಗಿ ಓದಿದಳು.

"ಆಹಾ! ಎಂಥಾ ಜೋರು!" ಆಲೋಯ್ಸ್ ಕಣ್ಣೊರೆಸಿಕೊಂಡರು. "ಇದಪ್ಪಾ ಭಾಷೆ ಅಂದ್ರೆ! ಯಾರದಮ್ಮಾ ಇದು, ಅವರದಾ, ನಮ್ಮದಾ?"

ಅಡುಗೆಮನೆಯಿಂದ ಮೆಲ್ಲನೆ ಬಂದು ಅವಳ ಹೆಗಲ ಮೇಲಿಂದ ಇಣುಕಿ ಓದುತ್ತಿದ್ದ ಮೆತೋದ್, "ಅಯ್ಯೋ, ಇದು ಹೊಸ—" ಎಂದು ಬಾಯಿ ತೆರೆದ. ಎಸ್ತೆರಾ ಅವನ ಪಾದವನ್ನು ಬಲವಾಗಿ ತುಳಿದಳು.

"ನಿಮ್ಮಿಬ್ಬರದೂ," ಎಂದಳು. "ಸಹಿ ಹಾಕಿ."

ಇಬ್ಬರೂ ಹಾಕಿದರು.